ಸ್ಯಾಂಪಲ್‌ನ ಸದ್ದನ್ನು ಸಾಫ್ಟ್‌ವೇರ್ ಸಿಂಥ್‌ನಲ್ಲಿ ಮರುಸೃಷ್ಟಿಸುವುದು: ಸಮಗ್ರ ಮಾರ್ಗದರ್ಶಿ

ಸ್ಯಾಂಪಲ್ ಎಂಬುದು ಒಂದು ಸದ್ದಿನ ಒಂದೇ ಒಂದು ಸಂದರ್ಭದ ದಾಖಲೆ. ವಾದಕರು ಒಂದು ಸ್ವರವನ್ನು ಒಂದು ನಿರ್ದಿಷ್ಟ ಬಲದಲ್ಲಿ, ಒಂದು ನಿರ್ದಿಷ್ಟ ಕೋಣೆಯಲ್ಲಿ ನುಡಿಸಿದ್ದು ಅದರಲ್ಲಿ ಉಳಿದಿರುತ್ತದೆ, ಅಷ್ಟೇ. ಆ ಸ್ವರವನ್ನು ಸರಳ ಸ್ಯಾಂಪ್ಲರ್‌ನಲ್ಲಿ (ಸ್ಯಾಂಪಲ್ ಅನ್ನು ಕೀಲಿಗಳಿಂದ ನುಡಿಸುವ ಸಾಧನ) ಒಂದು ಸ್ಥಾಯಿ ಮೇಲಕ್ಕೆ ಸರಿಸಿದರೆ ಅದರ ಅವಧಿ ಅರ್ಧಕ್ಕೆ ಇಳಿಯುತ್ತದೆ, ಅದರೊಳಗಿನ ವೈಬ್ರಾಟೊ (ಸ್ವರದ ಮೆಲುನಡುಕ) ಇಮ್ಮಡಿ ವೇಗ ಪಡೆಯುತ್ತದೆ, ವಾದ್ಯದ ಒಡಲಿನ ಅನುರಣನವೂ ಸ್ವರದ ಜೊತೆಗೇ ಮೇಲೇರಿ ವಾದ್ಯವೇ ಕುಗ್ಗಿಹೋದಂತೆ ಕೇಳಿಸುತ್ತದೆ. ಕೀಲಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಬದಲಾಗುವುದು ಸದ್ದಿನ ಮಟ್ಟ ಮಾತ್ರ, ಬಣ್ಣವಲ್ಲ. ಅದೇ ಸದ್ದನ್ನು ಸಾಫ್ಟ್‌ವೇರ್ ಸಿಂಥಸೈಜರ್‌ನಲ್ಲಿ (ಸದ್ದನ್ನು ಲೆಕ್ಕದಿಂದಲೇ ಹುಟ್ಟಿಸುವ ತಂತ್ರಾಂಶ, ಚಿಕ್ಕದಾಗಿ ಸಿಂಥ್) ಬುಡದಿಂದ ಕಟ್ಟಿದರೆ, ಇವೆಲ್ಲವೂ ಬೇರೆ ಬೇರೆಯಾಗಿ ನಮ್ಮ ಹಿಡಿತಕ್ಕೆ ಬರುತ್ತವೆ.

ಈ ಕೆಲಸಕ್ಕೆ ಕೈ ಹಾಕುವವರಲ್ಲಿ ಹೆಚ್ಚಿನವರು ಸಿಂಥ್ ತೆರೆದ ಕೂಡಲೇ ನಾಬ್‌ಗಳನ್ನು ತಿರುಗಿಸತೊಡಗುತ್ತಾರೆ. ಒಂದೆರಡು ಗಂಟೆ ಕಳೆದ ಮೇಲೆ ‘ಹತ್ತಿರ ಬಂದಿದೆ, ಆದರೆ ಏನೋ ಕಡಿಮೆಯಾಗಿದೆ’ ಎಂಬಲ್ಲಿ ನಿಂತುಬಿಡುತ್ತಾರೆ. ಒಟ್ಟು ಸಮಯದ ಅರ್ಧದಷ್ಟನ್ನಾದರೂ ಸ್ಯಾಂಪಲ್ ಅನ್ನು ಓದುವುದಕ್ಕೇ ಮೀಸಲಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಹಿಡಿಯಬೇಕಾದದ್ದು ಸದ್ದಿನ ನಡವಳಿಕೆಯನ್ನು: ಅದು ಹೇಗೆ ಹುಟ್ಟುತ್ತದೆ, ಯಾವ ಭಾಗ ಮೊದಲು ಸಾಯುತ್ತದೆ, ಸ್ವರ ಏರಿದಾಗ ಏನು ಬದಲಾಗುತ್ತದೆ, ಏನು ಬದಲಾಗದೆ ಉಳಿಯುತ್ತದೆ. ಇಷ್ಟನ್ನು ಅಳೆದು ಬರೆದುಕೊಂಡವರಿಗೆ ಸಿಂಥ್‌ನ ಪ್ರತಿಯೊಂದು ನಾಬ್ ತಿರುಗಿಸಲೂ ಒಂದು ಕಾರಣವಿರುತ್ತದೆ.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಸರ್ಜ್ ಎಕ್ಸ್‌ಟಿ ಎಂಬ ಮುಕ್ತ ತಂತ್ರಾಂಶದ ಸಿಂಥ್, ಉಚಿತ ಆವೃತ್ತಿಯುಳ್ಳ ವೈಟಲ್, ಯಮಹಾ ಡಿಎಕ್ಸ್7 ಸಿಂಥ್ ಮಾದರಿಯ ಎಫ್‌ಎಂ (ಒಂದು ತರಂಗದಿಂದ ಇನ್ನೊಂದರ ಕಂಪನವೇಗವನ್ನು ಅಲುಗಾಡಿಸುವ ವಿಧಾನ) ಸದ್ದುಗಳಿಗಾಗಿ ಡೆಕ್ಸೆಡ್, ಇವು ಮೂರಿದ್ದರೆ ಇಲ್ಲಿ ಹೇಳುವ ಎಲ್ಲವನ್ನೂ ಮಾಡಬಹುದು. ವಿಶ್ಲೇಷಣೆಗೆ ಆಡಾಸಿಟಿ ಅಥವಾ ಸಾನಿಕ್ ವಿಶುವಲೈಸರ್ ಸಾಕು. ಹಾಡಿನ ಪ್ರಾಜೆಕ್ಟ್‌ನೊಳಗೇ ಸ್ಪೆಕ್ಟ್ರಮ್ (ಯಾವ ಆವೃತ್ತಿಯಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನಗಳಲ್ಲಿ, ಸದ್ದು ಎಷ್ಟಿದೆ ಎಂಬ ಚಿತ್ರ) ನೋಡಲು ವಾಕ್ಸೆಂಗೊ ಸ್ಪ್ಯಾನ್ ಉಚಿತವಾಗಿ ಸಿಗುತ್ತದೆ.

ಹಂತ 1: ಸ್ಯಾಂಪಲ್ ಅನ್ನು ಸಿದ್ಧಪಡಿಸುವುದು

ಮೊದಲು ಒಂದೇ ಸ್ವರವಿರುವ, ಬೇರೆ ವಾದ್ಯಗಳು ಬೆರೆಯದ, ಆದಷ್ಟು ಉದ್ದವಾದ ತುಣುಕನ್ನು ಆರಿಸಿಕೊಳ್ಳಬೇಕು. ಅದೇ ವಾದ್ಯದ ಎರಡು ಬೇರೆ ಸ್ವರಗಳು, ಎರಡು ಬೇರೆ ಬಲಗಳಲ್ಲಿ ಸಿಕ್ಕರೆ ಬಹಳ ಒಳ್ಳೆಯದು. ಏಕೆಂದು ಮುಂದೆ ಗೊತ್ತಾಗುತ್ತದೆ. ತುಣುಕು ಸ್ಟೀರಿಯೊ ಆಗಿದ್ದರೆ ಎಡ ಅಥವಾ ಬಲ ವಾಹಿನಿಯೊಂದನ್ನೇ ತೆಗೆದುಕೊಳ್ಳುವುದು ಲೇಸು. ಎರಡನ್ನೂ ಕೂಡಿಸಿದರೆ ಕೋರಸ್‌ನಂಥ ಎಫೆಕ್ಟ್‌ಗಳಿಂದಾಗಿ ಕೆಲವು ಆವೃತ್ತಿಗಳು ಪರಸ್ಪರ ರದ್ದಾಗಿ, ಇಲ್ಲದ ಗುಣವೊಂದು ಇದ್ದಂತೆ ಸ್ಪೆಕ್ಟ್ರಮ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಇದೇ ಹಂತದಲ್ಲಿ ಇನ್ನೊಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು. ನಮಗೆ ಬೇಕಾಗಿರುವುದು ಮೂಲ ವಾದ್ಯದ ಸದ್ದೋ, ಸ್ಯಾಂಪ್ಲರ್‌ನಿಂದ ಹೊರಬಂದ ಸದ್ದೋ? 1987ರಲ್ಲಿ ಬಂದ ಇ-ಮ್ಯು ಎಸ್‌ಪಿ-1200 ಯಂತ್ರ 12 ಬಿಟ್‌ಗಳಲ್ಲಿ, ಸೆಕೆಂಡಿಗೆ ಸುಮಾರು 26,040 ಮಾದರಿಗಳ (ತರಂಗದ ಒಂದೊಂದು ಕ್ಷಣದ ಅಳತೆಗಳ) ದರದಲ್ಲಿ ಸದ್ದನ್ನು ಹಿಡಿಯುತ್ತಿತ್ತು. ಆ ದರದ ಅರ್ಧಕ್ಕಿಂತ ಮೇಲಿನ, ಅಂದರೆ ಸುಮಾರು 13 ಕಿಲೋಹರ್ಟ್ಜ್‌ಗಿಂತ ಮೇಲಿನ ಯಾವುದೂ ಅದರಲ್ಲಿ ನಿಜವಾಗಿ ದಾಖಲಾಗಲು ಸಾಧ್ಯವಿರಲಿಲ್ಲ. ಅಂಥ ಯಂತ್ರದ ಸದ್ದೇ ಬೇಕಾದವರು ವಾದ್ಯವನ್ನು ಕಟ್ಟಿ ಮುಗಿಸಿದ ಮೇಲೆ ಕೊನೆಯಲ್ಲಿ ಬಿಟ್‌ಕ್ರಷರ್ (ಬಿಟ್‌ಗಳನ್ನು ಇಳಿಸಿ ಸದ್ದನ್ನು ಒರಟಾಗಿಸುವ ಎಫೆಕ್ಟ್) ಮತ್ತು ಕಡಿದಾದ ಲೋ-ಪಾಸ್ ಫಿಲ್ಟರ್ (ಮೇಲಿನ ಆವೃತ್ತಿಗಳನ್ನು ಕತ್ತರಿಸುವಂಥದ್ದು) ಸೇರಿಸಬೇಕಾಗುತ್ತದೆ. ಹಾಗೆಯೇ ಹಳೆಯ ಸ್ಯಾಂಪಲ್‌ಗಳಲ್ಲಿ ನೆನಪಿನ ಕೋಶ ಉಳಿಸಲು ಸ್ವರದ ಬಾಲವನ್ನು ಒಂದು ಚಿಕ್ಕ ಲೂಪ್ ಆಗಿ ಸುತ್ತಿಸುತ್ತಿದ್ದರು. ಸ್ವರ ಆರಂಭದಲ್ಲಿ ಜೀವಂತವಾಗಿದ್ದು ಅರ್ಧ ಸೆಕೆಂಡಿನ ನಂತರ ಮರಗಟ್ಟಿದಂತೆ ಕೇಳಿಸಿದರೆ ಅದು ಲೂಪ್‌ನ ಗುರುತು; ವಾದ್ಯದ ಗುಣವೆಂದು ಭಾವಿಸಿ ಅದನ್ನು ಅನುಕರಿಸಲು ಹೋಗಬಾರದು.

ಹಂತ 2: ಮೂರು ತುಂಡುಗಳಾಗಿ ಕೇಳುವುದು

ಸದ್ದನ್ನು ಆರಂಭ, ಒಡಲು, ಬಾಲ ಎಂದು ಮೂರಾಗಿ ಕತ್ತರಿಸಿ, ಒಂದೊಂದನ್ನೂ ಬೇರೆಯಾಗಿ ಹತ್ತಾರು ಬಾರಿ ಕೇಳಬೇಕು. ಮೊದಲ 50ರಿಂದ 80 ಮಿಲಿಸೆಕೆಂಡುಗಳನ್ನು ಆರಂಭವೆಂದು ಇಟ್ಟುಕೊಳ್ಳಬಹುದು. ಇದನ್ನು ಅರ್ಧ ವೇಗದಲ್ಲಿ, ಆಮೇಲೆ ಕಾಲು ವೇಗದಲ್ಲಿ ಕೇಳಿದರೆ, ಕಿವಿ ಸಾಮಾನ್ಯವಾಗಿ ಒಂದೇ ಎಂದು ಗ್ರಹಿಸುವ ಘಟನೆಯೊಳಗೆ ಎರಡು ಮೂರು ಘಟನೆಗಳು ಅಡಗಿರುವುದು ಬಯಲಾಗುತ್ತದೆ. ಕೊಳಲಿನ ಸ್ವರಕ್ಕೆ ಮುನ್ನ ಉಸಿರಿನ ಸೀತ್ಕಾರವಿರುತ್ತದೆ, ಪಿಯಾನೊದಲ್ಲಿ ತಂತಿಯ ನಾದದ ಅಡಿಯಲ್ಲಿ ಸುತ್ತಿಗೆಯ ಮರದ ಬಡಿತವಿರುತ್ತದೆ. ಕೇಳಿದ್ದನ್ನು ಮಾತುಗಳಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ‘ಮೊದಲು ಸೀತ್ಕಾರ, ನಂತರ ಸ್ವರ ತುಸು ಕೆಳಗಿನಿಂದ ಏರಿ ನೆಲೆಗೊಳ್ಳುತ್ತದೆ, ಮೇಲಿನ ಮಿನುಗು ತಡವಾಗಿ ಬರುತ್ತದೆ’ ಎಂಬಷ್ಟು ಬರೆದರೂ ಅದರಲ್ಲಿ ಒಂದು ನಾಯ್ಸ್ (ಸ್ವರವಿಲ್ಲದ ಸೀತ್ಕಾರದಂಥ ಸದ್ದು) ಪದರ, ಒಂದು ಪಿಚ್ ಎನ್ವಲಪ್ (ಕಾಲದೊಂದಿಗಿನ ಏರಿಳಿತದ ರೇಖೆ), ಒಂದು ಫಿಲ್ಟರ್ ಎನ್ವಲಪ್ ಆಗಲೇ ನಿರ್ಧಾರವಾಗಿರುತ್ತವೆ.

ಹಂತ 3: ಸ್ಪೆಕ್ಟ್ರಮ್ ಓದುವುದು

ಕಿವಿ ಹೇಳಿದ್ದಕ್ಕೆ ಈಗ ಅಂಕಿಗಳನ್ನು ಕೂಡಿಸಬೇಕು. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ವಿಶ್ಲೇಷಕದ ಕಿಟಕಿಯ (ಒಮ್ಮೆಗೆ ಅಳೆಯುವ ತುಣುಕಿನ) ಗಾತ್ರ ದೊಡ್ಡದಾದಷ್ಟೂ ಆವೃತ್ತಿ ಸ್ಪಷ್ಟವಾಗುತ್ತದೆ, ಕಾಲ ಮಸುಕಾಗುತ್ತದೆ. 44,100 ಹರ್ಟ್ಜ್ ದರದ ಕಡತದಲ್ಲಿ 4096 ಮಾದರಿಗಳ ಕಿಟಕಿ ಸುಮಾರು 10.8 ಹರ್ಟ್ಜ್ ಅಂತರದ ಗೆರೆಗಳನ್ನು ಕೊಡುತ್ತದೆ, ಆದರೆ ಅದು 93 ಮಿಲಿಸೆಕೆಂಡುಗಳನ್ನು ಒಟ್ಟಿಗೆ ಕಲಸಿಬಿಡುತ್ತದೆ. ಆರಂಭದ ಇಡೀ ಕಥೆ ಅದರಲ್ಲಿ ಮುಳುಗಿಹೋಗುತ್ತದೆ. 512ರ ಕಿಟಕಿ 12 ಮಿಲಿಸೆಕೆಂಡಿಗೂ ಕಡಿಮೆ ಅವಧಿಯನ್ನು ತೋರಿಸುತ್ತದೆ, ಆದರೆ ಗೆರೆಗಳ ನಡುವೆ 86 ಹರ್ಟ್ಜ್ ಅಂತರವಿರುತ್ತದೆ. ಆದ್ದರಿಂದ ಒಡಲನ್ನು ಅಳೆಯಲು 8192 ಅಥವಾ 16384ನ್ನೂ, ಆರಂಭವನ್ನು ನೋಡಲು 512 ಅಥವಾ 1024ನ್ನೂ ಬಳಸಿ, ಒಂದೇ ಸದ್ದನ್ನು ಎರಡು ಬಾರಿ ಓದಬೇಕು.

ಒಡಲಿನಲ್ಲಿ ಮೊದಲು ಮೂಲ ಆವೃತ್ತಿಯನ್ನು ಗುರುತಿಸಿ. ಅದರ ಮೇಲಿನ ಶಿಖರಗಳು ಸರಿಯಾಗಿ 2, 3, 4 ಪಟ್ಟುಗಳಲ್ಲಿ ನಿಂತಿವೆಯೇ? ನಿಂತಿದ್ದರೆ ಸದ್ದು ಹಾರ್ಮೋನಿಕ್, ಆ ಒಂದೊಂದು ಶಿಖರವೂ ಒಂದು ಹಾರ್ಮೋನಿಕ್. ಸಾಮಾನ್ಯ ಆಸಿಲೇಟರ್‌ಗಳಿಂದ (ಸಿಂಥ್‌ನಲ್ಲಿ ಮೂಲ ತರಂಗವನ್ನು ಹುಟ್ಟಿಸುವ ಭಾಗಗಳು) ಅದನ್ನು ಕಟ್ಟಬಹುದು. ಸಮಸಂಖ್ಯೆ, ಬೆಸಸಂಖ್ಯೆ ಎಲ್ಲವೂ ಇದ್ದರೆ ಸಾ ತರಂಗ (ಗರಗಸದ ಹಲ್ಲಿನಾಕಾರದ ತರಂಗ). ಬೆಸಸಂಖ್ಯೆಯವು ಮಾತ್ರ ಇದ್ದು ನಿಧಾನವಾಗಿ ಇಳಿಯುತ್ತಿದ್ದರೆ ಸ್ಕ್ವೇರ್ ತರಂಗ. ಬೆಸಸಂಖ್ಯೆಯವೇ ಆಗಿದ್ದು ಬಹುಬೇಗ ಇಳಿದುಹೋದರೆ ಟ್ರಯಾಂಗಲ್. ಪ್ರತಿ ನಾಲ್ಕನೆಯ ಹಾರ್ಮೋನಿಕ್ ಕಾಣೆಯಾಗಿದ್ದರೆ ಅದು ಶೇ. 25 ಅಗಲದ ಪಲ್ಸ್, ಪ್ರತಿ ಮೂರನೆಯದು ಕಾಣೆಯಾಗಿದ್ದರೆ ಮೂರನೇ ಒಂದು ಭಾಗ ಅಗಲದ ಪಲ್ಸ್. ಇರುವ ಶಿಖರಗಳಂತೆಯೇ ಇಲ್ಲದ ಶಿಖರಗಳೂ ಸುಳಿವು ಕೊಡುತ್ತವೆ.

ಹಂತ 4: ಒಂದು ಉದಾಹರಣೆಯನ್ನು ಕೊನೆಯವರೆಗೆ

220 ಹರ್ಟ್ಜ್‌ನಲ್ಲಿ ನುಡಿದ, ಹಿತ್ತಾಳೆ ವಾದ್ಯವನ್ನು ಹೋಲುವ ಒಂದು ದಪ್ಪ ಸ್ವರದ ಸ್ಯಾಂಪಲ್ ನಮ್ಮ ಮುಂದಿದೆ ಎಂದುಕೊಳ್ಳೋಣ. 440, 660, 880 ಹೀಗೆ ಎಲ್ಲ ಪಟ್ಟುಗಳಲ್ಲೂ ಶಿಖರಗಳಿವೆ. ಆದ್ದರಿಂದ ಸಾ ತರಂಗದಿಂದ ಆರಂಭಿಸುತ್ತೇವೆ. ಶುದ್ಧ ಸಾ ತರಂಗದಲ್ಲಿ ಎರಡನೆಯ ಹಾರ್ಮೋನಿಕ್ ಮೊದಲನೆಯದಕ್ಕಿಂತ 6 ಡೆಸಿಬೆಲ್ ಕೆಳಗೆ, ನಾಲ್ಕನೆಯದು 12 ಕೆಳಗೆ, ಎಂಟನೆಯದು 18 ಕೆಳಗೆ, ಹದಿನಾರನೆಯದು 24 ಕೆಳಗೆ ಇರುತ್ತದೆ. ನಮ್ಮ ಸ್ಯಾಂಪಲ್‌ನಲ್ಲಿ ಎರಡನೆಯದೂ ನಾಲ್ಕನೆಯದೂ ಈ ಲೆಕ್ಕಕ್ಕೆ ಹೊಂದುತ್ತವೆ. ಆದರೆ 1760 ಹರ್ಟ್ಜ್‌ನಲ್ಲಿರುವ ಎಂಟನೆಯದು 18ರ ಬದಲು 21 ಡೆಸಿಬೆಲ್ ಕೆಳಗಿದೆ, 3520ರಲ್ಲಿರುವ ಹದಿನಾರನೆಯದು 24ರ ಬದಲು 48 ಕೆಳಗಿದೆ. ಅಂದರೆ 1760ರಲ್ಲಿ 3 ಡೆಸಿಬೆಲ್ ನಷ್ಟ, ಅದರ ಮೇಲಿನ ಸ್ಥಾಯಿಯಲ್ಲಿ 24 ಡೆಸಿಬೆಲ್ ನಷ್ಟ. ಇದು ಪ್ರತಿ ಸ್ಥಾಯಿಗೆ 24 ಡೆಸಿಬೆಲ್ ಇಳಿಸುವ ಲೋ-ಪಾಸ್ ಫಿಲ್ಟರ್, ಅದರ ಕಟ್‌ಆಫ್ (ಕತ್ತರಿಸತೊಡಗುವ ಬಿಂದು) 1760ರ ಆಸುಪಾಸಿನಲ್ಲಿದೆ ಎಂದು ಅಂಕಿಗಳೇ ಹೇಳುತ್ತಿವೆ. ಫಿಲ್ಟರ್ ಮಾದರಿಗಳು ಕಟ್‌ಆಫ್ ಬಿಂದುವಿನಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಕೊನೆಯ ಹೊಂದಾಣಿಕೆಯನ್ನು ಕಿವಿಗೇ ಬಿಡಬೇಕು. ಆದರೆ ಹುಡುಕಾಟದ ವ್ಯಾಪ್ತಿ ಇಡೀ ನಾಬ್‌ನಿಂದ ಒಂದು ಕೂದಲೆಳೆಯಷ್ಟಕ್ಕೆ ಇಳಿದಿರುತ್ತದೆ.

ಇನ್ನು ಆ ಸ್ವರದ ದಪ್ಪ. ಸದ್ದಿನ ಮಟ್ಟ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದರೆ, ಅದು ಎರಡು ಆಸಿಲೇಟರ್‌ಗಳ ಡಿಟ್ಯೂನ್‌ನಿಂದ (ಶ್ರುತಿಯಲ್ಲಿನ ತುಸು ವ್ಯತ್ಯಾಸ) ಆಗಿರಬಹುದು, ಇಲ್ಲವೇ ಎಲ್‌ಎಫ್‌ಒ (ನಿಧಾನವಾಗಿ ಕಂಪಿಸುವ ನಿಯಂತ್ರಕ ತರಂಗ) ಮೂಲಕ ಮಟ್ಟವನ್ನು ಅಲುಗಾಡಿಸುವ ಟ್ರೆಮೊಲೊ ಇರಬಹುದು. ಇವೆರಡನ್ನೂ ಬೇರ್ಪಡಿಸಲು ಒಂದು ಖಚಿತ ಪರೀಕ್ಷೆಯಿದೆ. ಕಿರಿದಾದ ಬ್ಯಾಂಡ್-ಪಾಸ್ ಫಿಲ್ಟರ್ ಹಾಕಿ ಮೊದಲನೆಯ ಹಾರ್ಮೋನಿಕ್ ಅನ್ನು ಮಾತ್ರ ಕೇಳಿ, ಏರಿಳಿತ ಸೆಕೆಂಡಿಗೆ ಎಷ್ಟು ಬಾರಿ ಆಗುತ್ತದೆಂದು ಎಣಿಸಿ. ಬಳಿಕ ನಾಲ್ಕನೆಯದನ್ನು ಮಾತ್ರ ಕೇಳಿ. ಎರಡರಲ್ಲೂ ವೇಗ ಒಂದೇ ಆಗಿದ್ದರೆ ಟ್ರೆಮೊಲೊ. ನಾಲ್ಕನೆಯದರಲ್ಲಿ ನಾಲ್ಕು ಪಟ್ಟು ವೇಗವಿದ್ದರೆ ಡಿಟ್ಯೂನ್, ಏಕೆಂದರೆ ಎರಡು ಆಸಿಲೇಟರ್‌ಗಳ ನಡುವಿನ ಹರ್ಟ್ಜ್ ಅಂತರವೂ ಹಾರ್ಮೋನಿಕ್‌ನ ಸಂಖ್ಯೆಯಷ್ಟೇ ಪಟ್ಟು ಹೆಚ್ಚುತ್ತಾ ಹೋಗುತ್ತದೆ. 220 ಹರ್ಟ್ಜ್‌ನಲ್ಲಿ 10 ಸೆಂಟ್ (ಒಂದು ಸ್ಥಾಯಿಯ 1200ನೇ ಒಂದು ಭಾಗ ಒಂದು ಸೆಂಟ್) ಡಿಟ್ಯೂನ್ ಎಂದರೆ 1.27 ಹರ್ಟ್ಜ್ ವ್ಯತ್ಯಾಸ. ಅಂದರೆ ಸರಿಸುಮಾರು 0.8 ಸೆಕೆಂಡಿಗೊಂದು ಏರಿಳಿತ. ಗಡಿಯಾರ ನೋಡಿ ಎಣಿಸಿದರೆ ಸೆಂಟ್‌ನ ಅಂಕಿ ತಾನಾಗಿಯೇ ಸಿಗುತ್ತದೆ. ಈ ಲೆಕ್ಕ ಎರಡು ಆಸಿಲೇಟರ್‌ಗಳಿಗೆ ಮಾತ್ರ ಸಲ್ಲುತ್ತದೆ. 1996ರ ರೋಲ್ಯಾಂಡ್ ಜೆಪಿ-8000 ಪರಿಚಯಿಸಿದ ಸೂಪರ್‌ಸಾ ತರಂಗದಂತೆ ಏಳು ಸಾ ತರಂಗಗಳು ಒಟ್ಟಿಗಿದ್ದರೆ ಏರಿಳಿತಗಳು ಒಂದರೊಳಗೊಂದು ಹೆಣೆದುಕೊಂಡು ಎಣಿಕೆಗೆ ಸಿಗುವುದಿಲ್ಲ. ಅಲ್ಲಿ ಯುನಿಸನ್ (ಒಟ್ಟಿಗೆ ನುಡಿಯುವ ತರಂಗಗಳ) ಸಂಖ್ಯೆಯನ್ನು ಏಳಕ್ಕಿಟ್ಟು ಅಗಲವನ್ನು ಕಿವಿಯಿಂದಲೇ ಹೊಂದಿಸಬೇಕು.

ಮುಂದಿನದು ಎನ್ವಲಪ್. ಈ ಸ್ಯಾಂಪಲ್‌ನ ಸ್ಪೆಕ್ಟ್ರೋಗ್ರಾಂನಲ್ಲಿ (ಸ್ಪೆಕ್ಟ್ರಮ್ ಕಾಲದೊಂದಿಗೆ ಬದಲಾಗುವ ಚಿತ್ರ) ಕೆಳಗಿನ ಹಾರ್ಮೋನಿಕ್‌ಗಳು ಮೊದಲು ಏಳುತ್ತವೆ, ಮೇಲಿನವು ಒಂದೊಂದಾಗಿ ತಡವಾಗಿ ಬರುತ್ತವೆ. ಇದು ಹಿತ್ತಾಳೆ ವಾದ್ಯಗಳ ಹುಟ್ಟುಗುಣ. 1960ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಝಾಂ-ಕ್ಲೋದ್ ರಿಸೆ ಟ್ರಂಪೆಟ್ ಸ್ವರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದಾಗ, ಸದ್ದು ಜೋರಾದಷ್ಟೂ ಮೇಲಿನ ಹಾರ್ಮೋನಿಕ್‌ಗಳ ಪಾಲು ಹೆಚ್ಚುತ್ತದೆ ಎಂಬುದು ಸ್ಪಷ್ಟವಾಗಿತ್ತು. ಸಿಂಥ್‌ನ ಭಾಷೆಯಲ್ಲಿ ಇದರರ್ಥ: ಆಂಪ್ಲಿಟ್ಯೂಡ್ ಎನ್ವಲಪ್‌ಗಿಂತ ಫಿಲ್ಟರ್ ಎನ್ವಲಪ್‌ನ ಅಟ್ಯಾಕ್ (ಏರಿಕೆ) ತುಸು ನಿಧಾನವಾಗಿರಬೇಕು. ಮಟ್ಟಕ್ಕೆ 20 ಮಿಲಿಸೆಕೆಂಡು, ಫಿಲ್ಟರ್‌ಗೆ 60ರಿಂದ 80 ಮಿಲಿಸೆಕೆಂಡು ಕೊಟ್ಟು ನೋಡಿ; ಅಲ್ಲಿಯವರೆಗೆ ಬರೀ ಗುಂಯ್‌ಗುಡುತ್ತಿದ್ದ ಸಾ ತರಂಗ ಒಮ್ಮೆಲೇ ಬಾಯಿ ತೆರೆದಂತಾಗುತ್ತದೆ. ಇದಕ್ಕೆ ಸ್ವರ 20ರಿಂದ 30 ಸೆಂಟ್ ಕೆಳಗಿನಿಂದ ಹೊರಟು 50 ಮಿಲಿಸೆಕೆಂಡಿನಲ್ಲಿ ನೆಲೆ ಸೇರುವ ಪಿಚ್ ಎನ್ವಲಪ್ ಜೋಡಿಸಿದರೆ ತುಟಿಯ ಒತ್ತಡ ಕುದುರುವ ಭಾವನೆಯೂ ಬರುತ್ತದೆ.

ಡಿಕೇ (ಏರಿದ ಮೇಲಿನ ಇಳಿತ) ಮತ್ತು ರಿಲೀಸ್ (ಕೀಲಿ ಬಿಟ್ಟ ಮೇಲಿನ ಇಳಿತ) ಅಳೆಯುವಾಗ ಸದ್ದು ಪೂರ್ತಿ ಆರುವವರೆಗೆ ಕಾಯುವುದು ವ್ಯರ್ಥ, ಏಕೆಂದರೆ ಬಾಲದ ಕೊನೆ ಕೋಣೆಯ ಗದ್ದಲದಲ್ಲಿ ಕರಗಿರುತ್ತದೆ. ಮಟ್ಟ 20 ಡೆಸಿಬೆಲ್ ಇಳಿಯಲು ಹಿಡಿದ ಸಮಯವನ್ನು ಅಳೆದು ಮೂರರಿಂದ ಗುಣಿಸಿದರೆ 60 ಡೆಸಿಬೆಲ್ ಇಳಿತದ ಅವಧಿ ಸಿಗುತ್ತದೆ. ಡೆಸಿಬೆಲ್ ಅಳತೆಯಲ್ಲಿ ಇಳಿತ ನೇರ ಗೆರೆಯಾಗಿದ್ದರೆ ಎನ್ವಲಪ್‌ನ ವಕ್ರತೆಯನ್ನು ಎಕ್ಸ್‌ಪೊನೆನ್ಷಿಯಲ್‌ಗೆ ಇಡಬೇಕು. ಗೆರೆ ಮೊದಲು ಕಡಿದಾಗಿ ಇಳಿದು ಆಮೇಲೆ ಚಾಚಿಕೊಂಡಿದ್ದರೆ ಎರಡು ಬೇರೆ ವೇಗದ ಪದರಗಳಿವೆ ಎಂದರ್ಥ, ಒಂದೇ ಎನ್ವಲಪ್‌ನಲ್ಲಿ ಅದನ್ನು ಹಿಡಿಯಲು ಪರದಾಡಬೇಕಿಲ್ಲ.

ಹಂತ 5: ಸಾ ತರಂಗಕ್ಕೆ ಬಗ್ಗದ ಸದ್ದುಗಳು

ಶಿಖರಗಳು ಪೂರ್ಣಸಂಖ್ಯೆಯ ಪಟ್ಟುಗಳಲ್ಲಿ ಇಲ್ಲದಿದ್ದರೆ ಬೇರೆ ದಾರಿ ಹಿಡಿಯಬೇಕು. ಗಂಟೆ, ಲೋಹದ ಪಟ್ಟಿ, ಎಲೆಕ್ಟ್ರಿಕ್ ಪಿಯಾನೊದ ಮಿನುಗು ಇವಕ್ಕೆ ಎಫ್‌ಎಂ ಹೇಳಿಮಾಡಿಸಿದಂತಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ 1973ರಲ್ಲಿ ಪ್ರಕಟಿಸಿದ ಈ ವಿಧಾನವೇ ಹತ್ತು ವರ್ಷಗಳ ನಂತರ, 1983ರಲ್ಲಿ, ಯಮಹಾ ಡಿಎಕ್ಸ್7 ರೂಪದಲ್ಲಿ ಸ್ಟುಡಿಯೊಗಳನ್ನು ತುಂಬಿತು. ಇದರ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ ಭಯ ಹೋಗುತ್ತದೆ. ಕ್ಯಾರಿಯರ್ (ಕೇಳಿಸುವ ತರಂಗ) 200 ಹರ್ಟ್ಜ್, ಮಾಡ್ಯುಲೇಟರ್ (ಅದನ್ನು ಅಲುಗಾಡಿಸುವ ತರಂಗ) 280 ಹರ್ಟ್ಜ್ ಎಂದಿಟ್ಟುಕೊಳ್ಳಿ, ಅಂದರೆ 1:1.4 ಅನುಪಾತ. ಕ್ಯಾರಿಯರ್‌ಗೆ ಮಾಡ್ಯುಲೇಟರ್‌ನ ಪಟ್ಟುಗಳನ್ನು ಕೂಡಿಸಿದಾಗ 480, 760 ಬರುತ್ತವೆ. ಕಳೆದಾಗ ಋಣ 80, ಋಣ 360 ಬರುತ್ತವೆ. ಋಣ ಆವೃತ್ತಿಗಳು ಮಡಚಿಕೊಂಡು 80, 360 ಆಗಿ ಕೇಳಿಸುತ್ತವೆ. ಹೀಗೆ 80, 200, 360, 480, 760 ಎಂಬ, ಪರಸ್ಪರ ಹೊಂದದ ಗುಂಪೊಂದು ಹುಟ್ಟಿ ಕಿವಿಗೆ ಲೋಹದ ಅನುಭವ ಕೊಡುತ್ತದೆ. ಸ್ಯಾಂಪಲ್‌ನ ಶಿಖರಗಳನ್ನು ಬರೆದುಕೊಂಡು, ಅವುಗಳ ನಡುವೆ ಮತ್ತೆ ಮತ್ತೆ ಕಾಣಿಸುವ ಅಂತರ ಯಾವುದೆಂದು ನೋಡಿದರೆ ಅದೇ ಮಾಡ್ಯುಲೇಟರ್‌ನ ಆವೃತ್ತಿಯಾಗಿರುವ ಸಾಧ್ಯತೆ ಹೆಚ್ಚು. ಮೇಲಿನ ಪಟ್ಟಿಯಲ್ಲಿ 200, 480, 760 ನಡುವೆಯೂ 80, 360 ನಡುವೆಯೂ 280 ಅಡಗಿರುವುದನ್ನು ಗಮನಿಸಿ. ಗಂಟೆ ಆರುತ್ತಾ ಹೋದಂತೆ ಮೇಲಿನ ಮಿನುಗು ಮೊದಲು ಹೋಗುತ್ತದೆಯಾದ್ದರಿಂದ ಮಾಡ್ಯುಲೇಟರ್‌ನ ಎನ್ವಲಪ್ ಕ್ಯಾರಿಯರ್‌ನದಕ್ಕಿಂತ ಬೇಗ ಇಳಿಯಬೇಕು.

ಶ್ರುತಿ ಮಾಡಿದ ದೊಡ್ಡ ಚರ್ಚ್ ಗಂಟೆಯನ್ನೇ ಕಟ್ಟಬೇಕಿದ್ದರೆ ನನ್ನ ಒಲವು ಎಫ್‌ಎಂಗಿಂತ ಅಡಿಟಿವ್ (ಬಿಡಿ ಸೈನ್ ತರಂಗಗಳನ್ನು ಕೂಡಿಸುವ) ವಿಧಾನದ ಕಡೆಗೆ. ಅಂಥ ಗಂಟೆಯ ಮುಖ್ಯ ಶಿಖರಗಳು 0.5, 1, 1.2, 1.5, 2 ಎಂಬ ಅನುಪಾತಗಳಲ್ಲಿರುತ್ತವೆ. ಐದು ಸೈನ್ ಆಸಿಲೇಟರ್‌ಗಳನ್ನು ಇಟ್ಟು ಪ್ರತಿಯೊಂದಕ್ಕೂ ಬೇರೆ ಡಿಕೇ ಕೊಟ್ಟರೆ ಸಾಕು. ಅತಿ ಕೆಳಗಿನ 0.5 ಎಲ್ಲಕ್ಕಿಂತ ದೀರ್ಘವಾಗಿ ಉಳಿಯಬೇಕು. 1.2 ಎಂಬುದು ಕಿರಿಯ ಮೂರನೆಯ ಸ್ವರಾಂತರವಾದ್ದರಿಂದಲೇ ಗಂಟೆಯ ನಾದಕ್ಕೆ ಆ ವಿಷಾದದ ಛಾಯೆ ಇರುತ್ತದೆ.

ಮೀಟುವ ತಂತಿಗೆ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಉಪಾಯಕ್ಕಿಂತ ಸರಳವಾದದ್ದು ಇನ್ನೂ ಬಂದಿಲ್ಲ. ಕೆಲವೇ ಮಿಲಿಸೆಕೆಂಡುಗಳ ನಾಯ್ಸ್ ಅನ್ನು ಚಿಕ್ಕ ಡಿಲೇಯೊಂದಕ್ಕೆ ಹರಿಸಿ, ಹೊರಬಂದದ್ದನ್ನು ಸ್ವಲ್ಪ ಮಂದಗೊಳಿಸಿ ಮತ್ತೆ ಒಳಗೆ ಕಳುಹಿಸುತ್ತಿದ್ದರೆ ತಂತಿಯ ನಾದ ಹುಟ್ಟುತ್ತದೆ. 220 ಹರ್ಟ್ಜ್ ಬೇಕಾದರೆ ಒಂದು ಸುತ್ತಿನ ಅವಧಿ 4.55 ಮಿಲಿಸೆಕೆಂಡು. ಸರ್ಜ್ ಎಕ್ಸ್‌ಟಿಯಲ್ಲಿ ಇದಕ್ಕೆಂದೇ ಸ್ಟ್ರಿಂಗ್ ಆಸಿಲೇಟರ್ ಇದೆ. ವೈಟಲ್‌ನಲ್ಲಿ ಕೋಂಬ್ ಫಿಲ್ಟರ್‌ಗೆ (ಇಂಥದೇ ಕಿರು ಡಿಲೇಯಿಂದ ಆದ ಫಿಲ್ಟರ್) ಪೂರ್ಣ ಕೀ-ಟ್ರ್ಯಾಕಿಂಗ್ (ನುಡಿಸಿದ ಕೀಲಿಯ ಸ್ವರವನ್ನು ಅನುಸರಿಸುವಿಕೆ) ಕೊಟ್ಟು, ಅದರ ಮುಂದೆ 5 ಮಿಲಿಸೆಕೆಂಡಿನ ನಾಯ್ಸ್ ಇಟ್ಟರೆ ಅದೇ ಫಲ ಸಿಗುತ್ತದೆ. ಸುತ್ತಿನೊಳಗಿನ ಫಿಲ್ಟರ್ ತಾನೂ ಸ್ವಲ್ಪ ವಿಳಂಬ ಸೇರಿಸುವುದರಿಂದ ಶ್ರುತಿ ತುಸು ಕೆಳಗೆ ಜಾರಬಹುದು. ಟ್ಯೂನರ್ ಇಟ್ಟು ಸರಿಪಡಿಸಿಕೊಳ್ಳಬೇಕು.

ತಾಳವಾದ್ಯಗಳಲ್ಲಿ ಕಿಕ್ ಸುಲಭ: ಒಂದು ಸೈನ್ ತರಂಗ, 200 ಹರ್ಟ್ಜ್ ಆಸುಪಾಸಿನಿಂದ 50ಕ್ಕೆ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಜಾರುವ ಪಿಚ್ ಎನ್ವಲಪ್, ಜೊತೆಗೊಂದು ಕ್ಲಿಕ್. ಹೈ-ಹ್ಯಾಟ್‌ಗೆ ಬರೀ ನಾಯ್ಸ್ ಸಾಲದು. 1980ರ ರೋಲ್ಯಾಂಡ್ ಟಿಆರ್-808 ಯಂತ್ರ ಪರಸ್ಪರ ಹೊಂದದ ಆವೃತ್ತಿಗಳ ಆರು ಸ್ಕ್ವೇರ್ ಆಸಿಲೇಟರ್‌ಗಳನ್ನು ಕೂಡಿಸಿ, ಕೆಳಭಾಗವನ್ನು ಫಿಲ್ಟರ್‌ನಿಂದ ಕತ್ತರಿಸಿ ಆ ಸದ್ದನ್ನು ಪಡೆಯುತ್ತಿತ್ತು, ಅದನ್ನೇ ಅನುಸರಿಸಬಹುದು. 1983ರ ಟಿಆರ್-909ರ ಹ್ಯಾಟ್ ಮತ್ತು ಸಿಂಬಲ್‌ಗಳಾದರೋ 6 ಬಿಟ್‌ನ ಸ್ಯಾಂಪಲ್‌ಗಳು. ಅವುಗಳ ಒರಟುತನ ಬಿಟ್‌ಕ್ರಷರ್ ಇಲ್ಲದೆ ಬರುವುದಿಲ್ಲ.

ಹಂತ 6: ಆರಂಭ ಸರಿಯಿದೆಯೇ ಎಂದು ತಲೆ ಬದಲಿಸಿ ನೋಡುವುದು

ಸದ್ದು ಹತ್ತಿರ ಬಂದರೂ ಒಪ್ಪಿಗೆಯಾಗದಿರುವಾಗ ದೋಷ ಎಲ್ಲಿದೆ ಎಂದು ಊಹಿಸುತ್ತಾ ಕೂರಬಾರದು. ಸ್ಯಾಂಪಲ್‌ನ ಮೊದಲ 60 ಮಿಲಿಸೆಕೆಂಡುಗಳನ್ನು ಕತ್ತರಿಸಿ, ನಿಮ್ಮ ಸಿಂಥ್ ಸದ್ದಿನ ಒಡಲಿಗೆ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್‌ನೊಂದಿಗೆ ಅಂಟಿಸಿ. ಇನ್ನೊಂದು ಟ್ರ್ಯಾಕ್‌ನಲ್ಲಿ ಸಿಂಥ್‌ನ ಆರಂಭಕ್ಕೆ ಸ್ಯಾಂಪಲ್‌ನ ಒಡಲನ್ನು ಅಂಟಿಸಿ. ಮೊದಲನೆಯದು ಅಸಲಿಯಂತೆ ಕೇಳಿಸಿದರೆ ನಿಮ್ಮ ಒಡಲು ಸರಿಯಿದೆ, ಕೆಲಸ ಉಳಿದಿರುವುದು ಆರಂಭದಲ್ಲಿ. ನಾನು ಒಂದು ಕೊಳಲಿನ ಸದ್ದಿಗಾಗಿ ಎರಡು ದಿನ ಫಿಲ್ಟರ್ ತಿದ್ದಿ ತಿದ್ದಿ ಸೋತಿದ್ದೆ. ಈ ಪರೀಕ್ಷೆ ಮಾಡಿದಾಗ ಫಿಲ್ಟರ್‌ನಲ್ಲಿ ತಪ್ಪೇ ಇರಲಿಲ್ಲ, ಬೇಕಾಗಿದ್ದದ್ದು ಸ್ವರಕ್ಕೆ ಮುನ್ನ 40 ಮಿಲಿಸೆಕೆಂಡಿನ ಉಸಿರು ಮಾತ್ರ.

ಈ ಒಳನೋಟದ ಮೇಲೆಯೇ ಒಂದು ಇಡೀ ವಾದ್ಯ ನಿಂತಿತ್ತು. 1987ರ ರೋಲ್ಯಾಂಡ್ ಡಿ-50ಯಲ್ಲಿ, ನೆನಪಿನ ಚಿಪ್‌ಗಳು ದುಬಾರಿಯಾಗಿದ್ದ ಆ ದಿನಗಳಲ್ಲಿ, ಸ್ವರದ ಆರಂಭಕ್ಕೆ ಚಿಕ್ಕ ಸ್ಯಾಂಪಲ್ ಇಟ್ಟು ಉಳಿದ ಭಾಗವನ್ನು ಸಿಂಥ್‌ನಿಂದ ತುಂಬಿಸುತ್ತಿದ್ದರು. ನಾವು ಆರಂಭವನ್ನೂ ಸಿಂಥ್‌ನಿಂದಲೇ ಕಟ್ಟಬೇಕಾದಾಗ ನಾಯ್ಸ್ ಪದರವೇ ಮುಖ್ಯ ಆಸರೆ. ನಾಯ್ಸ್‌ಗೆ ಅದರದೇ ಬ್ಯಾಂಡ್-ಪಾಸ್ ಫಿಲ್ಟರ್, ಅದರದೇ ಕಿರು ಎನ್ವಲಪ್ ಇರಲಿ. ಅದು ಒಂಟಿಯಾಗಿ ಕೇಳಿದಾಗ ಸ್ಪಷ್ಟವಾಗಿ, ಸ್ವರದೊಂದಿಗೆ ಕೇಳಿದಾಗ ಬೇರೆಯಾಗಿ ಗುರುತಿಸಲಾಗದಂತೆ ಇದ್ದರೆ ಮಟ್ಟ ಸರಿಯಾಗಿದೆ. ಪ್ರತಿ ಬಾರಿಯೂ ನಾಯ್ಸ್ ಬೇರೆಯಾಗಿರುವುದರಿಂದ ಒಂದೇ ಸ್ವರವನ್ನು ಬೇಗ ಬೇಗ ನುಡಿಸಿದಾಗಲೂ ಯಾಂತ್ರಿಕತೆ ಬರುವುದಿಲ್ಲ. ಸ್ಯಾಂಪಲ್‌ಗೆ ಇಲ್ಲದ ಅನುಕೂಲವಿದು.

ಹಂತ 7: ವಾದ್ಯದ ಒಡಲು, ಬಲ, ಸ್ವರವ್ಯಾಪ್ತಿ

ಎರಡು ಬೇರೆ ಸ್ವರಗಳ ಸ್ಯಾಂಪಲ್ ಇರಬೇಕು ಎಂದದ್ದು ಇದಕ್ಕಾಗಿ. ಎರಡರ ಸ್ಪೆಕ್ಟ್ರಮ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಕೆಲವು ಉಬ್ಬುಗಳು ಸ್ವರದ ಜೊತೆಗೆ ಸರಿದಿರುತ್ತವೆ, ಕೆಲವು ಇದ್ದ ಹರ್ಟ್ಜ್‌ನಲ್ಲೇ ನಿಂತಿರುತ್ತವೆ. ಸರಿದವು ಆಸಿಲೇಟರ್ ಮತ್ತು ಕೀ-ಟ್ರ್ಯಾಕಿಂಗ್ ಇರುವ ಫಿಲ್ಟರ್‌ಗೆ ಸೇರಿದವು. ಕದಲದವು ವಾದ್ಯದ ಮರದ ಪೆಟ್ಟಿಗೆಯ ಅಥವಾ ಮನುಷ್ಯನ ಗಂಟಲಿನ ಫಾರ್ಮಂಟ್‌ಗಳು. ಅವುಗಳನ್ನು ಕೀ-ಟ್ರ್ಯಾಕಿಂಗ್ ಇಲ್ಲದ ಫಿಲ್ಟರ್ ಅಥವಾ ಇಕ್ವಲೈಸರ್‌ನಲ್ಲಿ ಕೂರಿಸಬೇಕು. ಪುರುಷ ಕಂಠದ ‘ಆ’ ಸ್ವರಕ್ಕೆ ಸುಮಾರು 700 ಮತ್ತು 1100 ಹರ್ಟ್ಜ್‌ನಲ್ಲಿ, ‘ಈ’ ಸ್ವರಕ್ಕೆ ಸುಮಾರು 300 ಮತ್ತು 2300 ಹರ್ಟ್ಜ್‌ನಲ್ಲಿ ಉಬ್ಬು ಕೊಟ್ಟರೆ ಸಾ ತರಂಗವೇ ಮಾತನಾಡತೊಡಗುತ್ತದೆ. ಒಂದೇ ಸ್ವರದ ಸ್ಯಾಂಪಲ್ ಇದ್ದರೂ ಅದರಲ್ಲಿ ವೈಬ್ರಾಟೊ ಇದ್ದರೆ ದಾರಿ ಮುಚ್ಚಿಲ್ಲ. ಸ್ವರ ಮೇಲೆ ಹೋದಾಗ ಯಾವ ಹಾರ್ಮೋನಿಕ್ ಜೋರಾಗುತ್ತದೋ ಅದರ ಮೇಲ್ಗಡೆ ಒಂದು ಉಬ್ಬು ಇದೆ, ಯಾವುದು ಕುಗ್ಗುತ್ತದೋ ಅದು ಉಬ್ಬನ್ನು ದಾಟಿ ಆಗಿದೆ ಎಂದು ತಿಳಿಯಬಹುದು.

ಬಲದ ವಿಷಯದಲ್ಲಿ ವೆಲಾಸಿಟಿಯನ್ನು (ಕೀಲಿ ಒತ್ತಿದ ಬಲದ ಅಂಕಿ) ಮಟ್ಟಕ್ಕೆ ಮಾತ್ರ ಜೋಡಿಸಿ ಸುಮ್ಮನಾಗಬಾರದು. ಮೆಲ್ಲಗಿನ ಮತ್ತು ಜೋರಿನ ಸ್ಯಾಂಪಲ್‌ಗಳಲ್ಲಿ ಕಟ್‌ಆಫ್ ಎಷ್ಟು ಬದಲಾಗಿದೆಯೆಂದು ನಾಲ್ಕನೆಯ ಹಂತದ ಲೆಕ್ಕದಿಂದ ಕಂಡುಕೊಂಡು, ಅಷ್ಟೇ ವ್ಯಾಪ್ತಿಯಲ್ಲಿ ವೆಲಾಸಿಟಿಯನ್ನು ಕಟ್‌ಆಫ್‌ಗೂ, ನಾಯ್ಸ್ ಪದರದ ಮಟ್ಟಕ್ಕೂ, ಅಟ್ಯಾಕ್‌ನ ಅವಧಿಗೂ ಜೋಡಿಸಬೇಕು. ಮೀಟುವ, ಬಡಿಯುವ ವಾದ್ಯಗಳಲ್ಲಿ ಮೇಲಿನ ಸ್ವರಗಳು ಬೇಗ ಆರುವುದರಿಂದ ಡಿಕೇಗೂ ಋಣ ದಿಕ್ಕಿನ ಕೀ-ಟ್ರ್ಯಾಕಿಂಗ್ ಬೇಕು.

ವೇವ್‌ಟೇಬಲ್ ಎಂಬ ಅಡ್ಡದಾರಿ

ಸ್ಯಾಂಪಲ್‌ನಿಂದ ಒಂದೇ ಆವರ್ತನವನ್ನು (ತರಂಗದ ಒಂದು ಪೂರ್ಣ ಸುತ್ತನ್ನು) ಕತ್ತರಿಸಿ ಆಸಿಲೇಟರ್‌ಗೆ ತುಂಬುವುದೂ ಸಾಧ್ಯ. ಇಂಥ ತುಣುಕುಗಳ ಸಾಲನ್ನೇ ವೇವ್‌ಟೇಬಲ್ ಎನ್ನುತ್ತಾರೆ. ವೈಟಲ್ ಮತ್ತು ಸೀರಮ್ ಎಂಬ ಇನ್ನೊಂದು ಸಿಂಥ್ ಒಂದು ಚೌಕಟ್ಟಿಗೆ 2048 ಮಾದರಿಗಳನ್ನು ಬಳಸುತ್ತವೆ. 220 ಹರ್ಟ್ಜ್ ಸ್ವರದ ಒಂದು ಆವರ್ತನ 44,100 ದರದಲ್ಲಿ 200 ಮಾದರಿಗಳಿಗಿಂತ ತುಸು ಹೆಚ್ಚು ಮಾತ್ರ. ಆದ್ದರಿಂದ ಕತ್ತರಿಸಿದ ತುಣುಕನ್ನು ಸರಿಯಾಗಿ 2048ಕ್ಕೆ ಹಿಗ್ಗಿಸಬೇಕು, ಆರಂಭ ಮತ್ತು ಕೊನೆ ಎರಡೂ ಸೊನ್ನೆ ಗೆರೆಯಲ್ಲಿ ಸೇರುವಂತಿರಬೇಕು. ಆರಂಭ, ನಡು, ಬಾಲ ಎಂದು ಐದಾರು ಆವರ್ತನಗಳನ್ನು ಸಾಲಾಗಿ ಇಟ್ಟು ಎನ್ವಲಪ್‌ನಿಂದ ಅವುಗಳ ಮೇಲೆ ಸಾಗಿದರೆ ಬಣ್ಣದ ಬದಲಾವಣೆಯೂ ಸಿಗುತ್ತದೆ. ಹಾರ್ಮೋನಿಕ್ ಅಲ್ಲದ ಸದ್ದುಗಳಿಗೆ ಈ ವಿಧಾನ ಸಲ್ಲದು; ಒಂದು ಆವರ್ತನವನ್ನೇ ಪುನರಾವರ್ತಿಸಿದಾಗ ಎಲ್ಲವೂ ಪೂರ್ಣಸಂಖ್ಯೆಯ ಪಟ್ಟುಗಳಿಗೆ ಬಂದುಬಿಡುತ್ತದೆ. ಬೇರೆಯವರ ಧ್ವನಿಮುದ್ರಣದ ಹಕ್ಕಿನ ತೊಡಕಿನಿಂದ ದೂರವಿರಲೆಂದೇ ಸದ್ದನ್ನು ಮರುಸೃಷ್ಟಿಸುತ್ತಿರುವವರು ಈ ದಾರಿಯನ್ನು ಬಿಡುವುದು ಕ್ಷೇಮ, ಏಕೆಂದರೆ ಇಲ್ಲಿ ಮೂಲ ಮುದ್ರಣದ ತುಣುಕು ಉಳಿದೇ ಇರುತ್ತದೆ. ಸಂಗೀತ ರಚನೆಯ ಹಕ್ಕು ಮುದ್ರಣದ ಹಕ್ಕಿನಿಂದ ಬೇರೆಯಾದದ್ದು ಎಂಬುದೂ ನೆನಪಿರಲಿ. ಸದ್ದನ್ನು ಹೊಸದಾಗಿ ಕಟ್ಟಿದ ಮಾತ್ರಕ್ಕೆ ಇನ್ನೊಬ್ಬರ ರಾಗಸಂಯೋಜನೆ ನಮ್ಮದಾಗುವುದಿಲ್ಲ.

ಹಂತ 8: ಹೋಲಿಸಿ ನೋಡುವುದು

ರಿವರ್ಬ್, ಕೋರಸ್, ಸ್ಯಾಚುರೇಶನ್ ಇವನ್ನು ಇಲ್ಲಿಯವರೆಗೆ ಮುಟ್ಟಬಾರದು. ಒಣ ಸದ್ದು ಒಣ ಸ್ಯಾಂಪಲ್‌ಗೆ ಹೊಂದಿದ ಮೇಲೆ, ಮೂಲದಲ್ಲಿ ಎಷ್ಟಿದೆಯೋ ಅಷ್ಟನ್ನೇ ಸೇರಿಸಬೇಕು. ಮೊದಲೇ ರಿವರ್ಬ್ ಹಾಕಿದರೆ ಎನ್ವಲಪ್‌ನ ತಪ್ಪುಗಳು ಅದರಡಿ ಅವಿತುಕೊಂಡು, ವೇಗದ ಸ್ವರಗಳನ್ನು ನುಡಿಸುವಾಗ ಹೊರಬೀಳುತ್ತವೆ.

ಹೋಲಿಕೆಗೆ ಮುನ್ನ ಎರಡರ ಮಟ್ಟವನ್ನೂ ಮೀಟರ್ ನೋಡಿ ಸಮ ಮಾಡಲೇಬೇಕು. ಒಂದು ಸಂಜೆ ಪೂರ್ತಿ ಕೂತು ಕಟ್ಟಿದ ಹಿತ್ತಾಳೆಯ ಸದ್ದು ಸ್ಯಾಂಪಲ್‌ಗಿಂತಲೂ ತುಂಬಿಕೊಂಡಿದೆ ಎಂದು ನಾನು ನಂಬಿದ್ದೆ. ಮರುದಿನ ಮೀಟರ್ ಇಟ್ಟು ನೋಡಿದಾಗ ನನ್ನದು 3 ಡೆಸಿಬೆಲ್ ಜೋರಾಗಿತ್ತು, ಸಮ ಮಾಡಿದೊಡನೆ ಅದರ ತೆಳುತನ ಬಯಲಾಯಿತು. ಸಮ ಮಾಡಿದ ಬಳಿಕ ಕಣ್ಣು ಮುಚ್ಚಿ, ಯಾವುದು ಯಾವುದೆಂದು ಗೊತ್ತಾಗದ ಹಾಗೆ ಎರಡರ ನಡುವೆ ಬದಲಿಸುತ್ತಾ ಕೇಳಿ. ಸ್ಪೆಕ್ಟ್ರಮ್‌ನಲ್ಲಿ ಒಂದು ಡೆಸಿಬೆಲ್ ಅತ್ತಿತ್ತ ಇರುವುದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತರಂಗವನ್ನು ತಿರುಗುಮುರುಗು ಮಾಡಿ ಒಂದರಿಂದೊಂದನ್ನು ಕಳೆದು ನೋಡುವ ಪರೀಕ್ಷೆಯೂ ಇಲ್ಲಿ ನಿರುಪಯುಕ್ತ, ಏಕೆಂದರೆ ಕಿವಿಗೆ ಒಂದೇ ಎನಿಸುವ ಎರಡು ಸದ್ದುಗಳ ಫೇಸ್ (ತರಂಗದ ಏರಿಳಿತ ಆರಂಭವಾಗುವ ಹಂತ) ಬೇರೆ ಬೇರೆಯಾಗಿರಬಹುದು.

ಆಮೇಲೆ ಸ್ಯಾಂಪಲ್‌ನ ಮೂಲ ಸ್ವರವನ್ನು ಬಿಟ್ಟು ಎರಡು ಸ್ಥಾಯಿ ಮೇಲೆ, ಎರಡು ಸ್ಥಾಯಿ ಕೆಳಗೆ ನುಡಿಸಿ. ಅತಿ ಮೇಲಿನ ಸ್ವರಗಳಲ್ಲಿ, ವಿಶೇಷವಾಗಿ ಎಫ್‌ಎಂ ಬಳಸಿದಾಗ, ಸ್ವರಕ್ಕೆ ಸಂಬಂಧವಿಲ್ಲದ ಕೀರಲು ಕೇಳಿಸಿದರೆ ಅದು ಅಲಿಯಾಸಿಂಗ್, ಅಂದರೆ ಮಾದರಿ ದರದ ಅರ್ಧವನ್ನು ಮೀರಿದ ಆವೃತ್ತಿಗಳು ಕೆಳಕ್ಕೆ ಮಡಚಿಕೊಂಡು ಕೇಳಿಸುವುದು. ಸಿಂಥ್‌ನ ಓವರ್‌ಸ್ಯಾಂಪ್ಲಿಂಗ್ ಅನ್ನು ಹೆಚ್ಚಿಸಬೇಕು, ಅಥವಾ ಕೀಲಿಮಣೆಯ ಮೇಲ್ಭಾಗದಲ್ಲಿ ಮಾಡ್ಯುಲೇಶನ್‌ನ ಪ್ರಮಾಣವನ್ನು ಇಳಿಸಬೇಕು. ಕೊನೆಗೆ ಹಾಡಿನ ಉಳಿದೆಲ್ಲ ಟ್ರ್ಯಾಕ್‌ಗಳ ನಡುವೆ ಇಟ್ಟು ಕೇಳಿ, ವೆಲಾಸಿಟಿ 30ರಲ್ಲೂ 120ರಲ್ಲೂ ಅದೇ ಸಾಲನ್ನು ನುಡಿಸಿ ನೋಡಿ. ಪ್ರಿಸೆಟ್ ಉಳಿಸುವಾಗ ಹೆಸರಿನೊಂದಿಗೆ ಅಳೆದ ಅಂಕಿಗಳನ್ನೂ ಟಿಪ್ಪಣಿಯಲ್ಲಿ ಬರೆದಿಡಿ: ಮೂಲ ಆವೃತ್ತಿ, ಕಟ್‌ಆಫ್, ಡಿಟ್ಯೂನ್, 20 ಡೆಸಿಬೆಲ್ ಇಳಿತದ ಸಮಯ. ಅದೇ ಬಗೆಯ ವಾದ್ಯದ ಇನ್ನೊಂದು ಸ್ಯಾಂಪಲ್ ಎದುರಾದಾಗ ಬಹುತೇಕ ಕೆಲಸ ಈ ಅಂಕಿಗಳಿಂದಲೇ ಆರಂಭವಾಗುತ್ತದೆ.